ಡೆವೆಂಟರ್‌ನಲ್ಲಿ ಎರಡು ರಾತ್ರಿಗೆ 250 ಯೂರೋ ಸಾಕಾ?

ಬಂಗಾರಪೇಟೆ ಶಾನುಭೋಗ:
ನಮಸ್ಕಾರ. ತಾಲ್ಲೂಕು ಕಚೇರಿಯಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮಗ ನೆದರ್‌ಲ್ಯಾಂಡ್ಸಿನ ಎನ್‌ಸ್ಖೆಡೆಯಲ್ಲಿ ಓದುತ್ತಿದ್ದಾನೆ. ಆಗಸ್ಟ್ ಮೊದಲ ವಾರ ನಾನು, ಮನೆಯವರು ಹೋಗುತ್ತಿದ್ದೇವೆ. ಅವನಿಗೆ ಪ್ರಾಜೆಕ್ಟ್ ಕೆಲಸ. ಎರಡು ದಿನ ನಾವಿಬ್ಬರೇ ಎಲ್ಲಾದರೂ ಹೋಗಿ ಬರೋಣ ಅಂತ. ಆಮ್‌ಸ್ಟರ್‌ಡ್ಯಾಮ್ ರೂಮಿನ ಬಾಡಿಗೆ ನೋಡಿ ಫೋನ್ ಪಕ್ಕಕ್ಕಿಟ್ಟೆ. ಡೆವೆಂಟರ್ ಅಂತ ಊರಿದೆ, ಐಸೆಲ್ ನದಿ ದಡದಲ್ಲಿ, ಗಲಾಟೆ ಇಲ್ಲ ಅಂದ ಮಗ.

ನಿಜ ಹೇಳಬೇಕೆಂದರೆ ನನಗೆ ನೀರಿರುವ ನದಿ ನೋಡಬೇಕು, ಅಷ್ಟೇ. ನಮ್ಮ ಕಡೆ ಪಾಲಾರ್ ಅಂದರೆ ನಕ್ಷೆಯಲ್ಲಿ ಒಂದು ಗೆರೆ, ಕಾಲಿಟ್ಟರೆ ಮರಳು, ಜಾಲಿ. ಬೇತಮಂಗಲ ಕೆರೆ ಕೋಡಿ ಬಿದ್ದಾಗ ಸ್ಕೂಟರಿನಲ್ಲಿ ಹೋಗಿ ಮಧ್ಯಾಹ್ನವೆಲ್ಲ ನಿಂತು ನೋಡಿ ಬಂದವರು ನಾವು.

ರೈಲು ಬಿಟ್ಟು 250 ಯೂರೋ ಇದೆ. ಆಗುತ್ತಾ? ಮನೆಯವರು ಮೊಟ್ಟೆ ಕೂಡ ಮುಟ್ಟಲ್ಲ. ಮಂಡಿನೋವೂ ಇದೆ.

ಸಿರಾ ಸೀಮೆಯವಳು:
ಸರ್, ನಾನು ಮೂರು ವರ್ಷ ಪಕ್ಕದ ಅಪೆಲ್ಡೋರ್ನ್‌ನಲ್ಲಿದ್ದೆ. ಡೆವೆಂಟರ್‌ಗೆ ಅಲ್ಲಿಂದ ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷ. ಬೇಜಾರಾದಾಗೆಲ್ಲ ಹೋಗಿ ಕೂತು ಬರುತ್ತಿದ್ದೆ.

ಮೊದಲು ಕ್ಯಾಲೆಂಡರ್ ನೋಡಿ. ಆಗಸ್ಟ್ ಮೊದಲ ಭಾನುವಾರ ಅಲ್ಲಿ ಪುಸ್ತಕದ ಸಂತೆ. ಯೂರೋಪಿನಲ್ಲೇ ದೊಡ್ಡದು ಅಂತಾರೆ. ನದಿ ದಡದುದ್ದಕ್ಕೂ ಅಂಗಡಿ, ಕಾಲಿಡಲು ಜಾಗ ಇರಲ್ಲ, ರೂಮಂತೂ ಕೇಳಲೇಬೇಡಿ. ನಿಮಗೆ ಸೋಮವಾರ ಮಧ್ಯಾಹ್ನ ಸರಿ. ಅವತ್ತು ಮ್ಯೂಸಿಯಂಗಳಿಗೆ ರಜೆ ಇರುತ್ತೆ. ಇರಲಿ ಬಿಡಿ, ನೀವು ನೋಡಲು ಹೊರಟಿರುವುದಕ್ಕೆ ಬಾಗಿಲೇ ಇಲ್ಲವಲ್ಲ.

ಎರಡು ರಾತ್ರಿ ಬೇಡ, ಒಂದೇ ಸಾಕು. ಎನ್‌ಸ್ಖೆಡೆಯಿಂದ ಮುಕ್ಕಾಲು ಗಂಟೆ ದಾರಿ ಅಷ್ಟೇ. ಸೋಮವಾರ ಮಧ್ಯಾಹ್ನ ಹೋಗಿ ಮಂಗಳವಾರ ರಾತ್ರಿ ವಾಪಸ್. ಹೋಟೆಲ್ ಬದಲು ಮನೆ ಮಹಡಿಯಲ್ಲಿ ಬಾಡಿಗೆಗೆ ಕೊಡುವ ರೂಮ್ ಹುಡುಕಿ. ನಮ್ಮ ಅಪ್ಪ ಅಮ್ಮ ಬಂದಾಗ ಇಬ್ಬರಿಗೆ 85 ಯೂರೋ ಕೊಟ್ಟಿದ್ದೆವು. ಆದರೆ ಒಂದು ಮಾತು, ಆ ಮನೆಗಳ ಮೆಟ್ಟಿಲು ನಮ್ಮೂರ ಅಟ್ಟದ ಏಣಿ ಇದ್ದ ಹಾಗೆ. ಅಮ್ಮ ಇಳಿಯುವಾಗ ಹಿಂದೆ ತಿರುಗಿ ಇಳಿದರು. ಮಂಡಿನೋವು ಅಂದಿರಲ್ಲ, ನೆಲಮಹಡಿ ರೂಮೇ ಕೇಳಿ.

ಇನ್ನು ನದಿ. ದಡದಿಂದ ಆಚೆಗೆ ಒಂದು ಪುಟ್ಟ ದೋಣಿ ಓಡುತ್ತದೆ, ಜನ ಮತ್ತು ಸೈಕಲ್‌ಗೆ ಮಾತ್ರ, ಚಿಲ್ಲರೆ ಕಾಸಿನಲ್ಲಿ ಆಗುತ್ತದೆ. ಆಚೆ ದಡದಲ್ಲಿ ವೋರ್ಪ್ ಅಂತ ಹಳೆಯ ಪಾರ್ಕು. ಅಲ್ಲಿ ಕೂತರೆ ಇಡೀ ಊರು ಎದುರಿಗೆ, ನಡುವೆ ಲೆಬುಯಿನಸ್ ಚರ್ಚಿನ ಗೋಪುರ. ಐಸೆಲ್ ಅಂದರೆ ರೈನ್ ನದಿಯದೇ ಒಂದು ಕವಲು, ಉತ್ತರಕ್ಕೆ ಹರಿಯುತ್ತದೆ. ಉದ್ದನೆಯ ಸರಕಿನ ದೋಣಿಗಳು ಒಂದರ ಹಿಂದೆ ಒಂದು ಬರುತ್ತವೆ. ಓಡಿಸುವವರ ಸಂಸಾರವೂ ಎಷ್ಟೋ ಸಲ ಅದರಲ್ಲೇ. ಹಿಂಬದಿ ಕಿಟಕಿಗೆ ಲೇಸಿನ ಪರದೆ, ಹೂಕುಂಡ, ಮೇಲೆ ಅವರದೇ ಕಾರು. ದೋಣಿ ಹೋಗಿ ಎಷ್ಟೋ ಹೊತ್ತಾದ ಮೇಲೆ ಅಲೆ ಬಂದು ಕಾಲಡಿಯ ಕಲ್ಲಿಗೆ ಪಟಪಟ ಅನ್ನುತ್ತದೆ. ನಮ್ಮಪ್ಪ ಹದಿನಾಲ್ಕು ದೋಣಿ ಎಣಿಸಿ ಆಮೇಲೆ ಕಾಫಿ ಕೇಳಿದರು. ಆ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಅವಸರ ಬೇಡ. ದೋಣಿ ನಿಂತಿದ್ದರೆ ಸೇತುವೆ ಇದೆ, ಆದರೆ ಅದು ಸ್ವಲ್ಪ ದೂರದ ನಡಿಗೆ.

ಊಟಕ್ಕೆ ಹೋಟೆಲ್‌ಗೆ ಹೋದರೆ ಬಜೆಟ್ ಅಲ್ಲೇ ಮುಗಿಯಿತು. ರಾಗಿ ಹುರಿಹಿಟ್ಟು, ಚಟ್ನಿಪುಡಿ ಊರಿಂದಲೇ ತನ್ನಿ. ಹಾಲು, ಮೊಸರು, ಬ್ರೆಡ್ ಸೂಪರ್ ಮಾರ್ಕೆಟ್ಟಿನಲ್ಲಿ ಅಗ್ಗ. ನಲ್ಲಿ ನೀರೇ ಕುಡಿಯಬಹುದು. ಅಂಗಡಿಯಲ್ಲಿ ಬಾಟಲಿ ಕೊಂಡರೆ ಬಿಸಾಡಬೇಡಿ, ಮಷಿನ್‌ಗೆ ಹಾಕಿದರೆ ಚಿಕ್ಕದಕ್ಕೆ 15 ಸೆಂಟ್, ದೊಡ್ಡದಕ್ಕೆ 25 ಸೆಂಟ್ ವಾಪಸ್. ಬ್ರಿಂಕ್ ಅನ್ನುವ ದೊಡ್ಡ ಚೌಕದಲ್ಲಿ ಡೆವೆಂಟರ್ ಕುಕ್ ಸಿಗುತ್ತದೆ, ರೈ ಹಿಟ್ಟು, ಜೇನುತುಪ್ಪದ ಕೇಕು. ಮಾಮೂಲಾಗಿ ಮೊಟ್ಟೆ ಇರಲ್ಲ, ಆದರೂ ಪೊಟ್ಟಣ ನೋಡಿ. ei ಅಂತ ಎರಡೇ ಅಕ್ಷರದ ಪದ ಇದ್ದರೆ ಅದು ಮೊಟ್ಟೆ.

ನಂದಿ ತಪ್ಪಲು:
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರೈಲಿಗೆ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತೋರಿಸಿ ಹೋಗಬಹುದು, ಇಳಿದ ಮೇಲೂ ತೋರಿಸಬೇಕು. ಇಬ್ಬರಿಗೆ ಎರಡು ಕಾರ್ಡು ಬೇಕು. ನಾನು ಹತ್ತುವಾಗ ಫೋನ್ ತೋರಿಸಿ, ಇಳಿಯುವಾಗ ಜೇಬಿನ ಕಾರ್ಡು ತೋರಿಸಿದೆ. ಎರಡೂ ಒಂದೇ ಖಾತೆ ಅಲ್ವಾ ಅಂದುಕೊಂಡೆ. ಅವರ ಲೆಕ್ಕದಲ್ಲಿ ಎರಡು ಬೇರೆ ಬೇರೆ ಪ್ರಯಾಣ, ಎರಡೂ ಅರ್ಧಂಬರ್ಧ. 20 ಯೂರೋ ಹೋಯಿತು. ತಪ್ಪು ನನ್ನದೇ, ಅರ್ಜಿ ಹಾಕಿದ ಮೇಲೆ ವಾಪಸ್ ಬಂತು.

ಕಾರ್ಡಿಗೆ ವಿದೇಶಿ ಬಳಕೆ ಆನ್ ಮಾಡಿಕೊಂಡು ಹೊರಡಿ. ಮಗನ ಹತ್ತಿರ ರೈಲಿನ ರಿಯಾಯಿತಿ ಚಂದಾ ಇದೆಯಾ ಕೇಳಿ. ಇದ್ದರೆ ದಟ್ಟಣೆ ಇಲ್ಲದ ಹೊತ್ತಿನಲ್ಲಿ ಅವನ ಜೊತೆ ಹೋಗುವವರಿಗೂ 40% ಕಡಿಮೆ. ಬಿಟ್ಟು ಬರಲಾದರೂ ಅವನನ್ನು ಎಬ್ಬಿಸಿಕೊಂಡು ಹೋಗಿ!

ಡೆವೆಂಟರ್‌ನಿಂದ ಜುಟ್‌ಫೆನ್ ಕೂಡ ಹತ್ತಿರ, ಅದೇ ನದಿ. ಅಲ್ಲಿನ ಚರ್ಚಿನಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಟ್ಟಿಟ್ಟಿದ್ದಾರೆ. ಮಂಡಿ ಒಪ್ಪಿದರೆ ಮಾತ್ರ.

ಸಿರಾ ಸೀಮೆಯವಳು:
ಸರ್, ಮರೆತಿದ್ದೆ, ನಿಮ್ಮ ಇಲಾಖೆಯದೇ ವಿಷಯ. ಡೆವೆಂಟರ್ ನಗರಸಭೆ ಕಟ್ಟಡದ ಕಿಟಕಿಗಳಿಗೆ ಅಲ್ಯೂಮಿನಿಯಂ ಜಾಲರಿ ಇದೆ. ಒಂದೊಂದೂ ಊರಿನ ಒಬ್ಬೊಬ್ಬರ ಬೆರಳಚ್ಚು. ಎರಡು ಸಾವಿರಕ್ಕೂ ಜಾಸ್ತಿ. ಹೊರಗೆ ನಿಂತು ಸುಮ್ನೆ ನೋಡಬಹುದು, ದುಡ್ಡಿಲ್ಲ.

ಬ್ರಿಂಕ್‌ನಲ್ಲಿ, ಹಿಂದೆ ಸರಕು ತೂಗುತ್ತಿದ್ದ 1528ರ ತೂಕದ ಮನೆಯ ಗೋಡೆಗೆ ತಾಮ್ರದ ಕೊಪ್ಪರಿಗೆ ನೇತುಹಾಕಿದ್ದಾರೆ. ಖೋಟಾ ನಾಣ್ಯದವನನ್ನು ಅದರಲ್ಲಿ ಬೇಯಿಸಿದರಂತೆ. ಮೇಡಂ ಊಟ ಮುಗಿಸಿದ ಮೇಲೆ ತೋರಿಸಿ.

ಬಂಗಾರಪೇಟೆ ಶಾನುಭೋಗ:
ಎಲ್ಲರಿಗೂ ಧನ್ಯವಾದ. ಒಂದೇ ರಾತ್ರಿ ಅಂತ ಗಟ್ಟಿ ಮಾಡಿದೆವು. ಇಂಕ್ ಪ್ಯಾಡ್ ಹಿಡಿದು ಎಷ್ಟು ಹೆಬ್ಬೆಟ್ಟು ಒತ್ತಿಸಿದ್ದೇನೋ ಲೆಕ್ಕವಿಲ್ಲ. ಕಿಟಕಿಗೆ ಹಾಕುವ ಯೋಚನೆ ಯಾರಿಗೂ ಬರಲಿಲ್ಲ ನೋಡಿ.

ಹುರಿಹಿಟ್ಟಿಗೆ ರಾಗಿ ನೆನೆಹಾಕಿದ್ದಾರೆ. ಅರ್ಧ ಕೆಜಿ ತುಪ್ಪವೂ ತರಬಹುದಾ ಅಂತ ಮನೆಯವರು ಕೇಳುತ್ತಿದ್ದಾರೆ.

ನಂದಿ ತಪ್ಪಲು:
ತುಪ್ಪ ಬೇಡ ಸರ್. ಹೊರದೇಶದ ಹಾಲಿನ ಪದಾರ್ಥ ಒಳಗೆ ಬಿಡಲ್ಲ. ಬೆಣ್ಣೆ ಅಲ್ಲೇ ಚೆನ್ನಾಗಿ ಸಿಗುತ್ತೆ, ಮಗನ ರೂಮಿನಲ್ಲಿ ಕಾಯಿಸಿಕೊಳ್ಳಿ. ಹೊಗೆ ಅಲಾರಂ ಇರುತ್ತೆ, ಉರಿ ಸಣ್ಣಗಿರಲಿ.