ಮೊದಲ ಟೆಲಿಸ್ಕೋಪ್ ಯಾವುದು? ರಿಪೇರಿ ಮಾಡುವವರನ್ನೇ ಕೇಳಿ

(ಟೆಲಿಸ್ಕೋಪ್ ರಿಪೇರಿ ಮಾಡುವ ನಮ್ಮ ಗುಂಪಿನ ಹಿರಿಯರು ಇವತ್ತು ಉತ್ತರಿಸುತ್ತಾರೆ.)

ಮೈಸೂರು: ಸರ್, ಮಗಳಿಗೆ ಹತ್ತು ವರ್ಷ. 60 ಮಿ.ಮೀ. ಟೆಲಿಸ್ಕೋಪ್, ಡಬ್ಬಿ ಮೇಲೆ 525 ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಇದೆ. ತಗೊಳ್ಳಲಾ?

ಉತ್ತರ: ಬೇಡಮ್ಮ. 60 ಮಿ.ಮೀ. ಮಸೂರಕ್ಕೆ ಸುಮಾರು 120 ಪಟ್ಟೇ ಜಾಸ್ತಿ. ಅದರಾಚೆ ಬರೀ ಮಸುಕು. ಪಟ್ಟು ಬಿಡಿ, ಬಾಯಿ ಎಷ್ಟು ಅಗಲ, ಸ್ಟ್ಯಾಂಡ್ ಎಷ್ಟು ಗಟ್ಟಿ ನೋಡಿ. ಶನಿಯ ಬಳೆ ಕಾಣಲು 40 ಪಟ್ಟು ಸಾಕು. 6 ಇಂಚಿನ ಡಾಬ್ಸೋನಿಯನ್ ಒಳ್ಳೆಯದು, ಅಂದರೆ ಮಸೂರದ ಬದಲು ಕನ್ನಡಿ ಇರುವ, ಸರಳ ಪೀಠದ ಮೇಲೆ ಕೈಯಲ್ಲೇ ತಿರುಗಿಸುವ ಟೆಲಿಸ್ಕೋಪ್. ಅಷ್ಟು ದುಡ್ಡಿಲ್ಲದಿದ್ದರೆ 10×50 (10 ಪಟ್ಟು, 50 ಮಿ.ಮೀ. ಬಾಯಿ) ಬೈನಾಕ್ಯುಲರ್ ಕೊಡಿಸಿ.

ತುಮಕೂರು: 525 ಪಟ್ಟಿನದು ಹೇಗಿದೆ ಸರ್?

ಉತ್ತರ: ಮೇಲೆ ಓದಿ.

ಹಾಸನ: ನಾನು ಪ್ರೈಮರಿ ಶಾಲೆ ಮೇಷ್ಟ್ರು. ಹೊಸ ಟೆಲಿಸ್ಕೋಪಿನ ಜೊತೆ ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಿರುಗಿಸಿ ಕೂರಿಸುವ ಕಪ್ಪು ಗಾಜು ಬಂದಿದೆ. ‘ಸನ್’ ಅಂತ ಬರೆದಿದೆ. ನಾಳೆ ಮಕ್ಕಳಿಗೆ ಸೂರ್ಯನ ಕಲೆ ತೋರಿಸಬೇಕು.

ಉತ್ತರ: ಮೇಷ್ಟ್ರೇ, ದಯವಿಟ್ಟು ಬೇಡ. ಆ ಗಾಜು ಇನ್ನೊಬ್ಬರ ಕೈಗೆ ಸಿಗದಂತೆ ಒಡೆದುಹಾಕಿ. ಮುಂದಿನ ಮಸೂರ ಹಿಡಿದ ಬಿಸಿಲೆಲ್ಲ ಬಂದು ಸೇರುವುದು ಅಲ್ಲೇ, ಉಗುರಗಲದ ಆ ಗಾಜಿನ ಹತ್ತಿರ. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಕಾಗದ ಸುಟ್ಟಿದ್ದೀರಲ್ವಾ? ಅದೇ ಬಿಸಿ. ಗಾಜು ಕಾದು ಚಟ್ ಅಂತ ಸೀಳುತ್ತದೆ. ಆಗ ಐಪೀಸಿನ ಮೇಲೆ ಒಂದು ಮಗುವಿನ ಕಣ್ಣಿರುತ್ತದೆ. ರೆಟಿನಾ ಸುಟ್ಟರೆ ನೋವಾಗುವುದಿಲ್ಲ, ಮಗು ಕಣ್ಣು ತೆಗೆಯುವುದೂ ಇಲ್ಲ. ನನ್ನ ಮೇಜಿನ ಮೇಲೆ ಇಂಥದ್ದೊಂದು ಗಾಜಿದೆ. ಅಂಚಿನಿಂದ ಅಂಚಿಗೆ ಕೂದಲೆಳೆಯಂಥ ಬಿರುಕು, ನಡುವೆ ಜೀರಿಗೆಯಷ್ಟು ಚೂರು ಹಾರಿಹೋಗಿದೆ.

ಫಿಲ್ಟರ್ ಇರಬೇಕಾದ್ದು ಮುಂದಿನ ಬಾಯಿಗೆ, ಬಿಸಿಲು ಒಳಗೆ ಬರುವ ಮೊದಲೇ. ಸೂರ್ಯನಿಗೆಂದೇ ಮಾಡಿದ್ದಾಗಿರಬೇಕು, ಗಾಳಿಗೆ ಬೀಳಬಾರದು. ಫೈಂಡರಿಗೂ, ಅಂದರೆ ಗುರಿ ಹಿಡಿಯಲು ಪಕ್ಕದಲ್ಲಿರುವ ಪುಟ್ಟ ಟೆಲಿಸ್ಕೋಪಿಗೂ ಮುಚ್ಚಳ ಹಾಕಿ. ನಾಳೆಗೆ ಅದು ಸಿಗದಿದ್ದರೆ ರಟ್ಟಿಗೆ ಸೂಜಿತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಳಿ ಹಾಳೆ ಮೇಲೆ ಬಿಂಬ ಬೀಳಿಸಿ. ಕಲೆ ಕಾಣುವುದಿಲ್ಲ, ಪರವಾಗಿಲ್ಲ.

ಮಂಡ್ಯ: ಎಕ್ಸ್-ರೇ ಫಿಲಂ ಎರಡು ಪದರ ಸಾಕು ಅಂತ ಫಾರ್ವರ್ಡ್ ಬಂದಿದೆ. ಸಗಣಿ ನೀರಲ್ಲಿ ನೋಡುವುದು ಹಿರಿಯರೇ ಮಾಡಿದ್ದಲ್ವಾ?

ಉತ್ತರ: ಎರಡೂ ಬೇಡ. ಕಣ್ಣಿಗೆ ಕುಕ್ಕಲಿಲ್ಲ ಅಂದ ಮಾತ್ರಕ್ಕೆ ಕಾಣದ ಕಿರಣ ನಿಂತಿತು ಅಂತಲ್ಲ. ಇಂಥ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಬೆಂಗಳೂರು: 6 ಇಂಚಿನದು ಅಪಾರ್ಟ್‌ಮೆಂಟಲ್ಲಿ ಎಲ್ಲಿಡೋದು? ಮೋಟಾರ್, ಕಂಪ್ಯೂಟರ್ ಇರುವುದು ತಗೊಳ್ಳಿ, ಗ್ರಹ-ನಕ್ಷತ್ರ ಅದೇ ಹುಡುಕಿ ಕೊಡುತ್ತೆ.

ಧಾರವಾಡ: ಆ ರೊಕ್ಕದಾಗ ದೊಡ್ಡ ಕನ್ನಡಿ ಬರ್ತದರೀ. ಆಕಾಶ ಕಲಿಯೋದು ಬ್ಯಾಡೇನು?

ಬೆಂಗಳೂರು: ಇಲ್ಲಿ ಬೀದಿದೀಪದ ಬೆಳಕಲ್ಲಿ ನಾಲ್ಕು ನಕ್ಷತ್ರ ಕಾಣಲ್ಲ. ಏನನ್ನ ಕಲಿಯೋದು?

ಧಾರವಾಡ: ಊರ ಹೊರಗ ಹೋಗ್ರಿ ಮತ್ತ.

ಬೆಂಗಳೂರು: ಪುಕ್ಕಟೆ ಸಲಹೆ ಸಾಕು.

ಉಡುಪಿ: ಸೆಕೆಂಡ್ ಹ್ಯಾಂಡ್ ಕನ್ನಡಿಯಲ್ಲಿ ಏನು ನೋಡಬೇಕು ಸರ್?

ಶಿರಸಿ: ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿದಿದೆ. ಟೂತ್‌ಪೇಸ್ಟ್ ಹಚ್ಚಿ ಒರೆಸಲಾ?

ಉತ್ತರ: ಬೇಡ. ಗೀರು ಬೀಳುತ್ತದೆ. ಜಗಳ ಆಡುವವರು ಬೇರೆ ಕಡೆ ಹೋಗಿ. ಮೇಷ್ಟ್ರೇ, ಗಾಜು ತೆಗೆದಿರಾ?

ತುಮಕೂರು: ಹಾಗಾದರೆ 525 ಬೇಡ್ವಾ?

ಹಾಸನ: ತೆಗೆದೆ ಸರ್. ನಿನ್ನೆ ನಾನೊಬ್ಬನೇ ಅದರಲ್ಲಿ ಎರಡು ನಿಮಿಷ ನೋಡಿದ್ದೆ.

ಉತ್ತರ: ಯಾವ ಕಣ್ಣಲ್ಲಿ? ಇನ್ನೊಂದನ್ನು ಮುಚ್ಚಿ ಈ ಸಾಲು ಓದಿ. ನಡುವೆ ಅಕ್ಷರ ಮಬ್ಬಾಗಿದೆಯಾ? ಮಬ್ಬಿದ್ದರೂ ಇಲ್ಲದಿದ್ದರೂ ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.