ಹೊಸ ಲೈಟ್ ಹಾಕಿದ ಮೇಲೆ ಕೂಲಿ ಲೋಚ್ ಹೊರಗೇ ಬರ್ತಿಲ್ಲ, ಏನ್ ಮಾಡಲಿ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಮೀನಿನ ಟ್ಯಾಂಕ್‌ನಲ್ಲಿ ಆರು ಕೂಲಿ ಲೋಚ್ (ಹಾವಿನಂತೆ ಉದ್ದನೆಯ ಸಣ್ಣ ಮೀನು), ಒಂದು ಬ್ರಿಸಲ್‌ನೋಸ್ ಪ್ಲೆಕೋ (ಒಂದು ಜಾತಿಯ ಕ್ಯಾಟ್‌ಫಿಶ್) ಇವೆ. ಗಿಡಗಳಿಗೆ ಬೇಕು ಅಂತ ಜೋರು ಬೆಳಕಿನ ಎಲ್‌ಇಡಿ ಹಾಕಿದೆ. ಅವತ್ತಿನಿಂದ ಎಲ್ಲವೂ ಮರದ ತುಂಡಿನ ಅಡಿಗೆ ಸೇರಿಕೊಂಡಿವೆ. ಬೆಳಿಗ್ಗೆ ಸ್ವಿಚ್ ಒತ್ತಿದರೆ ದಿಕ್ಕಾಪಾಲಾಗಿ ಓಡುತ್ತವೆ. ನೀರಲ್ಲಿ ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದೆ. ಕೆಳಗೆ ಬಿಳಿ ಮರಳು.

ಉತ್ತರ: ನೀರು ಟೆಸ್ಟ್ ಮಾಡಿ ಕೇಳಿದ್ದು ಒಳ್ಳೆಯದಾಯಿತು. ಹಾಗಾದರೆ ನನ್ನ ಅನುಮಾನವೂ ಲೈಟ್ ಮೇಲೆಯೇ.

ಕೂಲಿ ಲೋಚ್ ಆಗ್ನೇಯ ಏಷ್ಯಾದ ನಿಧಾನ ಹರಿಯುವ ತೊರೆಗಳ ಮೀನು. ಉದುರಿದ ಎಲೆಗಳ ಅಡಿಯಲ್ಲಿ ಬದುಕುತ್ತದೆ, ಕತ್ತಲಾದ ಮೇಲೆ ಓಡಾಡುತ್ತದೆ. ತಲೆ ಮೇಲೆ ಮರೆ ಇಲ್ಲದ ಬೆಳಕಿನ ಜಾಗ ಅದಕ್ಕೆ ಅಪಾಯದ ಜಾಗ. ಬಿಳಿ ಮರಳು ಬೆಳಕನ್ನು ಕೆಳಗಿನಿಂದಲೂ ವಾಪಸ್ ಚೆಲ್ಲುತ್ತದೆ.

ಆದರೆ ಜೋರು ಬೆಳಕಿಗಿಂತ ಜಾಸ್ತಿ ತೊಂದರೆ ಕೊಡುವುದು ಅದು ದಿಢೀರನೆ ಬರುವುದು. ಮೀನಿಗೆ ಕಣ್ಣು ಮುಚ್ಚಲು ರೆಪ್ಪೆ ಇಲ್ಲ. ಬೆಳಕು ಬಿದ್ದಾಗ ನಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ, ಹೆಚ್ಚಿನ ಮೀನುಗಳಲ್ಲಿ ಹಾಗಾಗುವುದಿಲ್ಲ. ಕಣ್ಣಿನ ಒಳಪರದೆಯಲ್ಲಿರುವ ಕೋಶಗಳೇ ಹಿಂದೆ ಮುಂದೆ ಸರಿದು ಬೆಳಕಿಗೆ ಹೊಂದಿಕೊಳ್ಳಬೇಕು. ಅದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಕತ್ತಲಲ್ಲಿದ್ದ ಮೀನಿಗೆ ನೀವು ಆ ಸಮಯವನ್ನೇ ಕೊಡುತ್ತಿಲ್ಲ, ಅಲ್ವಾ? ಅದಕ್ಕೇ ಆ ಓಟ.

ನಿಮ್ಮ ಪ್ಲೆಕೋ ಮಾತ್ರ ಬೇರೆ. ಹಗಲಲ್ಲಿ ಅದರ ಕಣ್ಣನ್ನು ಹತ್ತಿರದಿಂದ ನೋಡಿ. ಮೇಲಿನಿಂದ ಒಂದು ಸಣ್ಣ ಹಾಳೆಯಂಥದ್ದು ಇಳಿದು ಪಾಪೆಯನ್ನು ಮುಚ್ಚಿರುತ್ತದೆ, ಅಂಚಿನಲ್ಲಿ ಕಮಾನಿನಂಥ ಕಪ್ಪು ಗೆರೆ ಮಾತ್ರ ಉಳಿದಿರುತ್ತದೆ. ಮಂದ ಬೆಳಕಲ್ಲಿ ನೋಡಿದರೆ ಆ ಹಾಳೆ ಕುಗ್ಗಿ ಪಾಪೆ ದೊಡ್ಡದಾಗಿರುತ್ತದೆ. ನನಗಂತೂ ಎಷ್ಟು ಸಲ ನೋಡಿದರೂ ಸಾಲದು.

ಈಗ ಮಾಡಬೇಕಾದ್ದು: ಮೊದಲು ಕೋಣೆಯ ದೀಪ ಹಾಕಿ, ಅರ್ಧ ಗಂಟೆ ಬಿಟ್ಟು ಟ್ಯಾಂಕ್ ಲೈಟ್. ಡಿಮ್ಮರ್ ಇದ್ದರೆ ನಿಧಾನವಾಗಿ ಏರಿಸಿ. ಆರಿಸುವಾಗ ಇದರ ಉಲ್ಟಾ. ಟೈಮರ್ ಹಾಕಿ ದಿನಕ್ಕೆ 8 ಗಂಟೆ ಕೊಟ್ಟರೆ ಸಾಕು. ಸಾಲ್ವಿನಿಯಾದಂಥ ತೇಲುವ ಗಿಡ ಬಿಟ್ಟು ಅರ್ಧ ಮೇಲ್ಮೈ ಮುಚ್ಚಿ. ಅಡಗುವ ಜಾಗ ಇನ್ನೂ ಎರಡು ಮೂರು ಮಾಡಿಕೊಡಿ. ಜಾಗ ಕೊಟ್ಟಷ್ಟೂ ಅಡಗುತ್ತವೆ ಅಂತ ಹೆದರಬೇಡಿ. ಓಡಿಹೋಗಲು ಪಕ್ಕದಲ್ಲೇ ಮರೆ ಇದೆ ಅಂತ ಗೊತ್ತಾದರೆ ಧೈರ್ಯವಾಗಿ ಹೊರಗೆ ಬರುತ್ತವೆ.

ಪ್ರಶ್ನೆ: ನೆರಳಾದರೆ ಗಿಡಗಳ ಗತಿ ಏನು?

ಉತ್ತರ: ಅನುಬಿಯಾಸ್, ಜಾವಾ ಫರ್ನ್ ನೆರಳಲ್ಲೇ ಚೆನ್ನಾಗಿರುತ್ತವೆ. ಜಾಸ್ತಿ ಬೆಳಕು ಬೇಕಾದ ಗಿಡಗಳನ್ನು ಒಂದು ಬದಿಗೆ ನೆಡಿ, ಅಲ್ಲಿ ಮಾತ್ರ ಮೇಲ್ಮೈ ತೆರೆದಿಡಿ.

ಇನ್ನೊಬ್ಬ ಸದಸ್ಯರು: ರಾತ್ರಿಯಿಡೀ ನೀಲಿ ಲೈಟ್ ಬಿಡಬಹುದಾ ಸರ್? ಮೀನು ಕಾಣಿಸುತ್ತವೆ ಅಂತ ನಾನು ಆರಿಸುವುದಿಲ್ಲ.

ಉತ್ತರ: ದಯವಿಟ್ಟು ಬೇಡ. ಮೀನಿಗೂ ಪೂರ್ತಿ ಕತ್ತಲು ಬೇಕು. ರಾತ್ರಿ ಬೆಳಕಿದ್ದರೆ ಮೆಲಟೋನಿನ್ ಅನ್ನುವ ಹಾರ್ಮೋನ್ ಕಡಿಮೆಯಾಗಿ ಹಗಲು ರಾತ್ರಿಯ ಲೆಕ್ಕವೇ ತಪ್ಪುತ್ತದೆ. ನೋಡಲೇಬೇಕು ಅಂದರೆ ಟ್ಯಾಂಕ್ ಲೈಟ್ ಆರಿದ ಮೇಲೆ ನೀಲಿ ಲೈಟನ್ನು ಒಂದು ಗಂಟೆ, ತೀರಾ ಮಂದವಾಗಿ ಇಡಿ. ಮುಳುಗುವ ಪೆಲೆಟ್ ಹಾಕುವುದಕ್ಕೂ ಅದೇ ಸರಿಯಾದ ಹೊತ್ತು. ಕೆಂಪು ಲೈಟ್ ಮೀನಿಗೆ ಕಾಣುವುದಿಲ್ಲ ಅನ್ನುವ ಮಾತನ್ನು ನಂಬಬೇಡಿ, ಸಿಹಿನೀರಿನ ಎಷ್ಟೋ ಮೀನುಗಳಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ.

ಮತ್ತೊಬ್ಬರು: ನನ್ನ ಕೋರಿಗಳೂ (ಕೋರಿಡೋರಾಸ್ ಅನ್ನುವ ಸಣ್ಣ ಕ್ಯಾಟ್‌ಫಿಶ್) ಹಗಲೆಲ್ಲಾ ಮೂಲೆಯಲ್ಲಿ ಸುಮ್ನೆ ಕೂತಿರುತ್ತವೆ. ಅದೂ ಲೈಟಿನಿಂದಲೇನಾ?

ಉತ್ತರ: ಕೋರಿಗಳು ಹಗಲಲ್ಲೂ ಮರಳು ಕೆದಕುತ್ತಾ ಓಡಾಡುವ ಮೀನು. ಹಾಗಾಗಿ ಲೈಟ್ ಒಂದನ್ನೇ ದೂರಬೇಡಿ. ಎಷ್ಟು ಇವೆ? ಒಂದೇ ಜಾತಿಯವು ಆರಾದರೂ ಜೊತೆಗಿಲ್ಲದಿದ್ದರೆ ಅಂಜುತ್ತವೆ. ಕಿವಿರು ಬೇಗ ಬೇಗ ಆಡುತ್ತಿದ್ದರೆ, ಅಥವಾ ಗಾಳಿ ನುಂಗಲು ಪದೇ ಪದೇ ಮೇಲಕ್ಕೆ ಹೋಗುತ್ತಿದ್ದರೆ ಇವತ್ತೇ ನೀರು ಟೆಸ್ಟ್ ಮಾಡಿ ಅಂಕಿಗಳನ್ನು ಇಲ್ಲಿ ಹಾಕಿ.