ರ‍್ಯಾಮ್ ಬದಲಿಸಿದವರು ಅನುಭವ ಹೇಳಿ ಮಾರಾಯ್ರೆ

ಬದಿಯಡ್ಕದವ: ನಾನೇ ಜೋಡಿಸಿದ ಪಿಸಿ. ಬಿ450 ಮದರ್‌ಬೋರ್ಡು, ಎಎಂಡಿಯ ರೈಜನ್ 5 3600 ಪ್ರೊಸೆಸರ್, ರ‍್ಯಾಮ್ 8 ಜಿಬಿಯ ಒಂದೇ ಡಿಡಿಆರ್4 ಸ್ಟಿಕ್, ಸ್ಪೀಡು 2666. ಈಗೀಗ ನೀಲಿ ಸ್ಕ್ರೀನ್ ಬರ್ತಾ ಉಂಟು. ಮೆಮ್‌ಟೆಸ್ಟ್ ಹಾಕಿ ರ‍್ಯಾಮ್ ಪರೀಕ್ಷಿಸಿದ್ರೆ ಉದ್ದಕ್ಕೂ ಎರರಿನ ಕೆಂಪು ಸಾಲು. ಇದನ್ನು ತೆಗೆದು 8ರ ಜೋಡಿ ಹಾಕುವ ಅಂತ. ಕಾಸರಗೋಡಲ್ಲೇ ತೆಗೊಳ್ಳುವುದಾ, ಮಂಗಳೂರಿಗೆ ಹೋಗುವುದಾ, ಆನ್‌ಲೈನಾ? 3200 ಓಡ್ತದಾ?

ಉಪ್ಪಳ ಡಿಟಿಪಿ: ಎಲ್ಲಿಗೆ ಬೇಕಾದರೂ ಹೋಗಿ, ಸ್ಟಿಕ್ಕಿನ ಹಿಂದಿನ ಲೇಬಲ್ ಓದದೆ ದುಡ್ಡು ಬಿಚ್ಚಬೇಡಿ. ನನ್ನದು ಇಂಟೆಲ್‌ನ ಹಳೇ ಎಚ್61 ಬೋರ್ಡು, ರ‍್ಯಾಮ್ ಹಿಂದಿನ ತಲೆಮಾರಿನ ಡಿಡಿಆರ್3. ಬ್ರಹ್ಮಕಲಶದ ಆಮಂತ್ರಣ 64 ಪುಟ, ಫೋಟೋ ತುಂಬಿ ತುಂಬಿ ಫೈಲ್ ತೆರೆಯುವಾಗ ಚಾ ಕುಡಿದು ಬರಬಹುದಿತ್ತು. ಪೇಟೆಯ ಒಂದು ಅಂಗಡಿಯವ 8 ಜಿಬಿ ಸ್ಟಿಕ್ 750ಕ್ಕೆ ಕೊಟ್ಟ. ಮನೆಗೆ ತಂದು ಹಾಕಿದ್ರೆ ಡಿಸ್‌ಪ್ಲೇಯೇ ಇಲ್ಲ, ಬರೀ ಬೀಪ್ ಬೀಪ್. ಅದು ಎಎಂಡಿ ಬೋರ್ಡಿಗೆ ಮಾತ್ರ ಆಗುವ ಮಾಲು! ಅದರ ಚಿಪ್ಪುಗಳು ನಾಲ್ಕು ಬಿಟ್ ಅಗಲದವು, ಇಂಟೆಲ್‌ನ ಆ ಕಾಲದ ಪ್ರೊಸೆಸರಿಗೆ ಅದು ಅರ್ಥವೇ ಆಗುವುದಿಲ್ಲ. ಲೇಬಲ್ಲಿನ ಮೂಲೆಯಲ್ಲಿ ಇರುವೆ ಸಾಲಿನಷ್ಟು ಸಣ್ಣಕೆ ಬರೆದಿತ್ತು, ಅದರ ಮೇಲೆ ಅಂಗಡಿಯವನೇ ವಾರಂಟಿ ಸ್ಟಿಕ್ಕರ್ ಅಂಟಿಸಿದ್ದ. ವಾಪಸ್ ಕೇಳಿದ್ರೆ "ಸ್ಲಾಟಿಗೆ ಹಾಕಿದ ಮೇಲೆ ತೆಗೊಳ್ಳುವುದಿಲ್ಲ" ಅಂತ. ಸ್ಲಾಟಿಗೆ ಹಾಕದೆ ಗೊತ್ತಾಗುವುದು ಹೇಗೆ, ಜಾತಕ ನೋಡಿಯಾ? ಕೊನೆಗೆ ಬೇರೆ ಕಡೆ 4ರ ಎರಡು ತೆಗೊಂಡೆ, ತಲಾ 550. "ಚೆಕ್ ಮಾಡಿದ್ದಕ್ಕೆ" 300. ರೈಲು, ಆಟೋ ಸೇರಿ 120. ಒಟ್ಟು 2,270. ಆ 750ರ ಸ್ಟಿಕ್ ಈಗಲೂ ಮೇಜಿನ ಡ್ರಾಯರಲ್ಲಿ ಉಂಟು.

ಹೊಸೂರು ಗಡಿ: ಅಣ್ಣ, ಅವರು ಕೇಳಿದ್ದು ಡಿಡಿಆರ್4. ನನ್ನದು ಹೇಳ್ತೀನಿ. 2025ರ ಜೂನ್‌ನಲ್ಲಿ ಬಸ್ ಹತ್ತಿ ಬೆಂಗಳೂರಿನ ಕಂಪ್ಯೂಟರ್ ಮಾರ್ಕೆಟ್ಟು ಎಸ್‌ಪಿ ರೋಡಿಗೆ ಹೋದೆ. ಮೂರು ಅಂಗಡಿ ಸುತ್ತಿ, 3,350ಕ್ಕೆ 8ರ ಜೋಡಿ, ಜಿಎಸ್‌ಟಿ 18 ಸೇರಿಸಿ, ಬಿಲ್ ಸಮೇತ. "ಬಿಲ್ ಬೇಡ ಅಂದ್ರೆ 2,950" ಅಂದ ಒಬ್ಬ. ನಾನು ಬಿಲ್ಲೇ ಬೇಕು ಅಂದೆ, ವಾರಂಟಿಗೆ ಅದೇ ಆಧಾರ. ನಮ್ಮ ಮಾವನ ಮಗ "ದೀಪಾವಳಿ ಆಫರ್ ಬರಲಿ" ಅಂತ ಕಾದ. ಆಮೇಲೆ ಎಐ ಡೇಟಾ ಸೆಂಟರ್‌ನೋರು ಚಿಪ್ಪೆಲ್ಲ ಬಾಚಿಕೊಂಡ್ರು, ಡಿಸೆಂಬರಲ್ಲಿ ಮೈಕ್ರಾನ್ ಕಂಪನಿ ಕ್ರೂಷಿಯಲ್ ಹೆಸರಲ್ಲಿ ನಮ್ಮಂಥೋರಿಗೆ ಮಾರೋದೇ ನಿಲ್ಲಿಸ್ತೀವಿ ಅಂತು. ಅವನು ಈಗ ರೇಟ್ ಕೇಳಿ ಫೋನ್ ಇಡ್ತಾನೆ. ನನ್ನ ಜೋಡಿ ಮಾತ್ರ ಬಂಗಾರ. ಪ್ರೊಸೆಸರಿನಿಂದ ಎಣಿಸಿ ಎರಡನೇ, ನಾಲ್ಕನೇ ಸ್ಲಾಟಿಗೆ ಹಾಕಿ ಬಯೋಸಲ್ಲಿ, ಅಂದ್ರೆ ಪಿಸಿ ಶುರುವಾಗೋವಾಗಿನ ಸೆಟ್ಟಿಂಗಲ್ಲಿ, ಪೂರ್ತಿ ಸ್ಪೀಡು ಕೊಡೋ ಎಕ್ಸ್‌ಎಂಪಿ ಆನ್ ಮಾಡಿದೆ, 3200. ಅದನ್ನ ಆನ್ ಮಾಡದೆ 2400ರಲ್ಲಿ ಓಡಿಸ್ಕೊಂಡು ಮೀಸೆ ತಿರುವೋರು ಬೇಕಾದಷ್ಟು ಜನ ಇದಾರೆ.

ಉಪ್ಪಳ ಡಿಟಿಪಿ: ನಿಮಗೆ ಎಸ್‌ಪಿ ರೋಡು ಪಕ್ಕದ ಮನೆ. ಇಲ್ಲಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಟಿಕೆಟ್ಟಲ್ಲೇ ಒಂದು ಸ್ಟಿಕ್ ಬರ್ತಿತ್ತು, ಆಗಿನ ರೇಟಿಗೆ.

ಮಂಜೇಶ್ವರ ಕಡಲತಡಿ: ಹೊಸತು ತೆಗೊಳ್ಳಲಿಕ್ಕೆ ಎಂತ ಅವಸರ? ನಮ್ಮ ಕಡೆ ರ‍್ಯಾಮ್ ಸಾಯುವುದು ಕಡಮೆ, ಅದರ ಕಾಲಿಗೆ ಉಪ್ಪುಗಾಳಿ ಹಿಡಿಯುವುದೇ ಜಾಸ್ತಿ. ನನ್ನದೂ ಮಳೆಗಾಲದಲ್ಲಿ ಹೀಗೆಯೇ ನೀಲಿ. ಅಂಗಡಿಯವ "ರ‍್ಯಾಮ್ ಹೋಗಿದೆ, 1,800" ಅಂದ. ಕೊಡಲಿಲ್ಲ. ಸ್ಟಿಕ್ ಕಿತ್ತು ಬಿಸಿಲಿಗೆ ಹಿಡಿದು ನೋಡಿದೆ. ಚಿನ್ನದ ಬಣ್ಣದ ಹಲ್ಲುಗಳ ಬುಡದಲ್ಲಿ ಮಾಸಲು ಹಸಿರು ಗೆರೆ. ಮಕ್ಕಳ ಬಿಳಿ ರಬ್ಬರಿನಿಂದ ಉಜ್ಜಿದೆ, ರಬ್ಬರಿನ ಪುಡಿ ಕಪ್ಪಾಗಿ ಬಿತ್ತು. ಸ್ಲಾಟಿನೊಳಗೆ ಟಾರ್ಚ್ ಬಿಟ್ರೆ ಇರುವೆ ಮೊಟ್ಟೆ! ಹಳೇ ಬ್ರಷ್ಷಲ್ಲಿ ಗುಡಿಸಿದೆ. ಮೆಮ್‌ಟೆಸ್ಟ್ ಬೆಳಗಿನವರೆಗೆ ಓಡಿತು, ಒಂದು ಎರರ್ ಇಲ್ಲ. ಖರ್ಚು 5 ರೂಪಾಯಿ, ರಬ್ಬರಿನದ್ದು.

ಮುಳ್ಳೇರಿಯ ಲ್ಯಾಬ್: ದಯವಿಟ್ಟು ಈ ರಬ್ಬರ್ ವೈದ್ಯ ಬಿಡಿ. ಆ ಹಲ್ಲಿನ ಮೇಲಿರುವುದು ತೆಳು ಲೇಪ. ಉಜ್ಜಿದರೆ ಅದೂ ಹೋಗಿ ಒಳಗಿನ ಲೋಹ ಹೊರಗೆ ಬಂದು ಇನ್ನೂ ಬೇಗ ಕ್ಲಾವು ಹಿಡೀತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಬಟ್ಟೆಯಲ್ಲಿ ಒರೆಸಿ, ಸಾಕು. ಶಾಲೆಯ ಲ್ಯಾಬಲ್ಲಿ ಎಲ್ಲ ಮೆಷಿನಿಗೂ ನಾನು ಮಾಡುವುದು ಅದನ್ನೇ.

ಮಂಜೇಶ್ವರ ಕಡಲತಡಿ: ಮಾಷ್ಟ್ರೆ, ನಿಮ್ಮ ಲ್ಯಾಬಿಗೆ ಬಾಟ್ಲಿ ಸರ್ಕಾರ ಕೊಡ್ತದೆ. ನನ್ನ ಮೆಷಿನ್ ರಬ್ಬರಲ್ಲೇ ಮೂರು ಮಳೆಗಾಲ ಕಳೆದಿದೆ.

ಮುಳ್ಳೇರಿಯ ಲ್ಯಾಬ್: ಬಾಟ್ಲಿ ನನ್ನ ಕಿಸೆಯದ್ದು, 260 ರೂಪಾಯಿ. ಸರ್ಕಾರದ್ದು ಅಂತ ಹೇಳುವ ಮೊದಲು ಕೇಳಿ. ಇನ್ನೊಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿಗೇ ಬೆಂಬಲ ಮುಗಿದಿದೆ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲೆಲ್ಲ ಶಿಕ್ಷಣ ಇಲಾಖೆಯ ತಾಂತ್ರಿಕ ಕಂಪನಿ ಕೈಟ್‌ನವರ ಉಬುಂಟು ಓಡುವುದು, ವಿಂಡೋಸಿನ ಬದಲಿಗೆ. ಅದಕ್ಕೆ ಬಂದರೆ 8 ಜಿಬಿಯಲ್ಲೇ ಹಾಯಾಗಿರಬಹುದು, ಡಿಟಿಪಿಯವರಿಗೂ ಸೇರಿಸಿ ಹೇಳಿದ್ದು.

ಬದಿಯಡ್ಕದವ: ನನ್ನ ಬೋರ್ಡಲ್ಲಿ 3200 ಓಡ್ತದಾ ಅಂತ ಕೇಳಿದ್ದೆ. ಒರೆಸಿಯೂ ನೋಡಿದ್ದೇನೆ, ಸ್ಲಾಟ್ ಬದಲಿಸಿಯೂ ನೋಡಿದ್ದೇನೆ, ಕೆಂಪು ಹೋಗಲಿಲ್ಲ.

ಹೊಸೂರು ಗಡಿ: ಓಡುತ್ತೆ, 3600ಕ್ಕೆ ಎಎಂಡಿಯೇ ಹೇಳಿರೋ ಸ್ಪೀಡು ಅದು. ಒಂದೇ ಪ್ಯಾಕಿನ ಜೋಡಿ ತಗೊಳ್ಳಿ. ನಾನು ತಗೊಂಡಾಗ 3,350 ಇತ್ತು.

ಉಪ್ಪಳ ಡಿಟಿಪಿ: ಗೊತ್ತಾಯ್ತು ಸ್ವಾಮಿ, 3,350. ಲ್ಯಾಬ್ ಮಾಷ್ಟ್ರೆ, ನಿಮ್ಮ ಉಬುಂಟಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್ ತೆರೆದು ನುಡಿ ಫಾಂಟಲ್ಲಿ ಒಂದು ಮಂಗಳಾಷ್ಟಕ ಟೈಪ್ ಮಾಡಿ ತೋರಿಸಿ, ನಾಳೆಯೇ ಬರ್ತೇನೆ.

ಮುಳ್ಳೇರಿಯ ಲ್ಯಾಬ್: ಎಲ್ಲ ಕಂಪ್ಯೂಟರಲ್ಲೂ ಒಂದೇ ರೀತಿ ಓದಲಿಕ್ಕಾಗುವ ಯೂನಿಕೋಡ್ ಬಂದು ಎಷ್ಟು ಕಾಲವಾಯ್ತು? ಇನ್ನೂ ಹಳೇ ನುಡಿ ಫಾಂಟಲ್ಲೇ ಕೂತಿದ್ದೀರಾ? ನಿಮ್ಮ ಫೈಲ್ ನನ್ನಲ್ಲಿ ತೆರೆದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಕಾಣ್ತದೆ.

ಉಪ್ಪಳ ಡಿಟಿಪಿ: ಪ್ರೆಸ್ಸಿನವ ತೆಗೊಳ್ಳುವುದು ಅದನ್ನೇ. ಯೂನಿಕೋಡಲ್ಲಿ ಕೊಟ್ರೆ ಅವನ ಪೇಜ್‌ಮೇಕರಲ್ಲಿ ಬರೀ ಡಬ್ಬಿ ಡಬ್ಬಿ. ಮೊದಲು ಅವನಿಗೆ ಕಲಿಸಿ, ಆಮೇಲೆ ನನಗೆ.

ಮಂಜೇಶ್ವರ ಕಡಲತಡಿ: ಕಲಿಸುವಾಗ ಆ 260ರ ಬಾಟ್ಲಿಯೂ ತೆಗೊಂಡು ಹೋಗಿ.